ಮಹಾಮಂದಿರಗಳ ವಾಗ್ಮಿಗಳು

ಪ್ರತಿ ವಾರ ಸರಾಸರಿ ಎರಡು ಸಾವಿರ ಜನರಾದರೂ ಕೂಡುವ ಪ್ರಾಟೆಸ್ಟೆಂಟ್ ಚರ್ಚಿಗೆ ಈಚಿನ ಸಮಾಜಶಾಸ್ತ್ರಜ್ಞರು 'ಮೆಗಾಚರ್ಚ್' ಎಂದು ಹೆಸರಿಟ್ಟಿದ್ದಾರೆ. ಎರಡು ಸಾವಿರವೆಂಬುದು ಎಣಿಕೆಯ ಅನುಕೂಲಕ್ಕೆಂದು ಎಳೆದುಕೊಂಡ ಗೆರೆ. ಅದಕ್ಕೆ ತಾತ್ತ್ವಿಕವಾದ ಅರ್ಥವೇನೂ ಇಲ್ಲ. ತೇರು ಜಾತ್ರೆಗಳಲ್ಲಿ ಲಕ್ಷಗಟ್ಟಲೆ ಜನವನ್ನು ಕಂಡ ನಮಗೆ ಆ ಸಂಖ್ಯೆ ದೊಡ್ಡದೆಂದೂ ತೋರದು. ಆದರೆ ಜಾತ್ರೆಗೆ ಜನ ಬರುವುದು ದೇವರ ಹೆಸರಿನಿಂದ, ಕ್ಷೇತ್ರದ ಹೆಸರಿನಿಂದ; ಈ ಮಹಾಮಂದಿರಗಳಿಗೆ ಜನ ಬರುವುದು ಬಹುಮಟ್ಟಿಗೆ ಒಬ್ಬ ಮಾತುಗಾರನ ಹೆಸರಿನಿಂದ. ಈ ವ್ಯತ್ಯಾಸವೇ ನನ್ನ ಇಂದಿನ ಮಾತಿನ ವಸ್ತು.

ಇದು ಅಮೆರಿಕದ ಟೆಲಿವಿಷನ್ ಯುಗದ ಕೂಸು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಹಾಗಲ್ಲ. ಇದರ ಬೇರನ್ನು ಹುಡುಕಿಕೊಂಡು ಹೋಗುವವರು ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿಗೆ ಹೋಗಬೇಕಾಗುತ್ತದೆ. ಅಲ್ಲಿ 1854ರಲ್ಲಿ, ಥೇಮ್ಸ್ ನದಿಯ ದಕ್ಷಿಣದಲ್ಲಿದ್ದ ಒಂದು ಸೊರಗಿದ ಬ್ಯಾಪ್ಟಿಸ್ಟ್ ಸಭೆಗೆ ಹತ್ತೊಂಬತ್ತು ವರ್ಷದ ಹಳ್ಳಿಯ ಹುಡುಗನೊಬ್ಬ ಉಪದೇಶಕನಾಗಿ ಬಂದ. ಹೆಸರು ಚಾರ್ಲ್ಸ್ ಹ್ಯಾಡನ್ ಸ್ಪರ್ಜನ್, ಎಸೆಕ್ಸ್ ಸೀಮೆಯವನು, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಆತ ಪ್ರಸಂಗಪೀಠದಿಂದ ಆಡಿದ್ದು ಸಂತೆಯಲ್ಲಿ, ಕಾರ್ಖಾನೆಯಲ್ಲಿ ಜನ ಆಡುತ್ತಿದ್ದ ಇಂಗ್ಲಿಷನ್ನು. ಪಂಡಿತರು ಮೂಗು ಮುರಿದರು, ಪತ್ರಿಕೆಗಳು ವ್ಯಂಗ್ಯಚಿತ್ರ ಬರೆದುವು. ಅಂಗಡಿಯವರೂ ಕೂಲಿಯವರೂ ಮನೆಗೆಲಸದ ಹೆಂಗಸರೂ ಬಂದು ತುಂಬಿಕೊಂಡರು. ದೇವರ ವಿಚಾರವನ್ನು ತಮ್ಮ ಮಾತಿನಲ್ಲಿ ಕೇಳಿದಾಗ ಜನಕ್ಕಾಗುವ ಸಂತೋಷ ಎಂಥದೆಂಬುದನ್ನು ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಓದಿಕೊಂಡ ಕನ್ನಡಿಗನಿಗೆ ವಿವರಿಸಬೇಕಾದದ್ದಿಲ್ಲ.

ಚರ್ಚು ಸಾಲದಾಯಿತು. ವಿನೋದ ಕಾರ್ಯಕ್ರಮಗಳಿಗೆಂದು ಕಟ್ಟಿದ್ದ ಸರ್ರೆ ಗಾರ್ಡನ್ಸ್ ಸಂಗೀತಭವನವನ್ನು ಬಾಡಿಗೆಗೆ ಹಿಡಿದರು. 1856ರ ಅಕ್ಟೋಬರ್ 19ರ ರಾತ್ರಿ ಅಲ್ಲಿ ಹತ್ತು ಸಾವಿರದಷ್ಟು ಜನ ಒಳಗೆ ಕಿಕ್ಕಿರಿದಿದ್ದಾಗ ಯಾರೋ 'ಬೆಂಕಿ!' ಎಂದು ಕೂಗಿದರು. ಬೆಂಕಿಯೇನೂ ಇರಲಿಲ್ಲ. ಆದರೆ ನೂಕುನುಗ್ಗಲಿನಲ್ಲಿ ಏಳು ಜನ ಸತ್ತರು, ಅನೇಕರು ಗಾಯಗೊಂಡರು. ಸ್ಪರ್ಜನ್ನನಿಗೆ ಆಗ ಇಪ್ಪತ್ತೆರಡು ವರ್ಷ. ಆತನನ್ನು ಸ್ನೇಹಿತರು ಎತ್ತಿಕೊಂಡು ಹೋಗಬೇಕಾಯಿತು. ಕೆಲವು ದಿನ ಬುದ್ಧಿಭ್ರಮಣೆಯಾದೀತೆಂದೇ ಹೆದರಿದ್ದರು. ಮುಂದೆ ಜೀವಮಾನವೆಲ್ಲ ಆತನನ್ನು ಕಾಡಿದ ಖಿನ್ನತೆಗೆ ಆ ರಾತ್ರಿಯ ನೆರಳು ಬಿದ್ದಿದೆ. ಗುಂಪಿನ ಬಲ ಎಷ್ಟೆಂಬುದರ ಜೊತೆಗೆ ಗುಂಪು ಎಷ್ಟು ಬೇಗ ವಿವೇಕಗೆಡುತ್ತದೆ ಎಂಬುದನ್ನೂ ಇಷ್ಟು ಎಳೆಯ ವಯಸ್ಸಿನಲ್ಲಿ ಕಂಡ ವಾಗ್ಮಿಗಳು ಕಡಮೆ.

ಇದರ ಮರುವರ್ಷವೇ ಆತನ ಮಾತು ನಮ್ಮ ದೇಶದ ಚರಿತ್ರೆಯನ್ನು ಬಂದು ತಾಕಿತು. 1857. ಉತ್ತರ ಹಿಂದೂಸ್ಥಾನದಲ್ಲಿ ಸಿಪಾಯಿಗಳು ಎದ್ದಿದ್ದರು. ರಾಣಿಯ ಸರ್ಕಾರ ಅಕ್ಟೋಬರ್ 7, ಬುಧವಾರವನ್ನು ರಾಷ್ಟ್ರೀಯ ಉಪವಾಸದ ದಿನವೆಂದು ಸಾರಿತು. ಆ ದಿನ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಅರಮನೆಯಲ್ಲಿ ಸ್ಪರ್ಜನ್ನನ ಪ್ರಸಂಗವನ್ನು ಕೇಳಲು ಸೇರಿದವರ ಲೆಕ್ಕ 23,654. ಆಗ ಧ್ವನಿವರ್ಧಕವಿಲ್ಲ, ಒಬ್ಬ ಮನುಷ್ಯನ ಗಂಟಲೊಂದೇ. ಆ ರಾತ್ರಿ ಮಲಗಿದವನು ಶುಕ್ರವಾರ ಬೆಳಗ್ಗೆ ಎದ್ದನಂತೆ. ಭಾರತದಲ್ಲಿ ನೊಂದ ಇಂಗ್ಲಿಷರಿಗಾಗಿ ಅಲ್ಲಿ ನಿಧಿ ಎತ್ತಿದರು.

ಆ ದಿನ ಆತ ಹೇಳಿದ್ದೇನು? ಇಂಗ್ಲೆಂಡಿನ ಸ್ವಂತ ಪಾಪಗಳನ್ನು, ವ್ಯಾಪಾರದ ಮೋಸವನ್ನೂ ಸೇರಿಸಿ, ಹೆಸರಿಸಿದ. ಅದು ಮೆಚ್ಚತಕ್ಕದ್ದೇ. ಆದರೆ ಎದ್ದ ಸಿಪಾಯಿಗಳನ್ನು ಯುದ್ಧದ ಎದುರಾಳಿಗಳೆಂದು ಎಣಿಸಕೂಡದು, ಕಾನೂನು ಮುರಿದ ಪ್ರಜೆಗಳೆಂದೆಣಿಸಿ ಕಠಿಣವಾಗಿ ದಂಡಿಸಬೇಕು ಎಂದ. ಹಿಂದೂಗಳ ಧರ್ಮವನ್ನು ಸರ್ಕಾರ ಸಹಿಸಿಕೊಂಡದ್ದೇ ತಪ್ಪೆಂದ. ದೆಹಲಿ ಸೆಪ್ಟೆಂಬರಿನಲ್ಲಿಯೇ ಮತ್ತೆ ಇಂಗ್ಲಿಷರ ವಶವಾಗಿತ್ತು. ಆ ಸುದ್ದಿ ಲಂಡನ್ನನ್ನು ಇನ್ನೂ ಮುಟ್ಟಿರಲಿಲ್ಲ. ನಮ್ಮ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ತಿರುಗಿಬಿದ್ದು ಊರಿಗೆ ಊರೇ ಸುಟ್ಟುಹೋದದ್ದು ಮುಂದಿನ ತಿಂಗಳು. ಹಲಗಲಿಯ ಲಾವಣಿಯನ್ನು ತರಗತಿಯಲ್ಲಿ ಪಾಠ ಹೇಳುವಾಗಲೆಲ್ಲ ನನಗೆ ಆ ಗಾಜಿನ ಅರಮನೆಯ ನೆನಪಾಗುತ್ತಿದ್ದುದುಂಟು. ಇಲ್ಲಿಯ ಕಥೆಯನ್ನು ಹೇಳಬಲ್ಲವನು ಆ ಇಪ್ಪತ್ಮೂರು ಸಾವಿರ ಜನರಲ್ಲಿ ಒಬ್ಬನೂ ಇದ್ದಿರಲಾರ. ಇದ್ದಿದ್ದರೂ ಎದ್ದು ನಿಂತು ಕೇಳುವ ಅವಕಾಶ ಅಂಥ ಸಭೆಗಳ ರಚನೆಯಲ್ಲಿಯೇ ಇಲ್ಲ. ಮಾತಾಡುವವನು ಒಳ್ಳೆಯವನೋ ಕೆಟ್ಟವನೋ ಎಂಬುದಕ್ಕಿಂತ ಮೊದಲು ಗಮನಿಸಬೇಕಾದ ಅಪಾಯ ಇದು.

ಒಳ್ಳೆಯವನೇ ಎನ್ನಬೇಕು. 1861ರಲ್ಲಿ ಐದಾರು ಸಾವಿರ ಜನ ಹಿಡಿಯುವ ಮೆಟ್ರೊಪಾಲಿಟನ್ ಟ್ಯಾಬರ್ನೇಕಲ್ ಎಂಬ ಮಂದಿರವನ್ನು ಬಿಡಿಗಾಸಿನ ಸಾಲವಿಲ್ಲದೆ ತೆರೆದ. ಅನಾಥಾಲಯ ಕಟ್ಟಿದ, ಬಡ ಉಪದೇಶಕರಿಗೆ ವಿದ್ಯಾಲಯ ಕಟ್ಟಿದ. 1879ರಲ್ಲಿ ಸಭೆಯವರು ಸೇವೆಯ ಇಪ್ಪತ್ತೈದು ವರ್ಷದ ನೆನಪಿಗೆ ಕೊಟ್ಟ ಆರು ಸಾವಿರ ಪೌಂಡುಗಳಿಗೂ ಮೇಲ್ಪಟ್ಟ ಕಾಣಿಕೆಯನ್ನು ಧರ್ಮಕಾರ್ಯಗಳಿಗೆ ಬಿಟ್ಟುಕೊಟ್ಟ. ಗುಲಾಮಗಿರಿಯನ್ನು ಬಹಿರಂಗವಾಗಿ ಖಂಡಿಸಿದ್ದಕ್ಕೆ 1860ರ ಸುಮಾರಿಗೆ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಆತನ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟರು. ಅಲ್ಲಿಯ ಮಾರಾಟ ಬಿದ್ದುಹೋದರೂ ಮಾತು ಹಿಂದೆಗೆಯಲಿಲ್ಲ. ಜನಪ್ರಿಯತೆ ತನ್ನಷ್ಟಕ್ಕೆ ತಾನೇ ಮನುಷ್ಯನನ್ನು ಹೇಡಿಯಾಗಿ ಮಾಡುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ. ಒಂದು ಪೆನ್ನಿಗೆ ಒಂದರಂತೆ ವಾರವಾರವೂ ಅಚ್ಚಾಗುತ್ತಿದ್ದ ಆತನ ಪ್ರಸಂಗಗಳು 1892ರಲ್ಲಿ ಆತ ತೀರಿಕೊಂಡ ಮೇಲೂ ಬರುತ್ತಲೇ ಇದ್ದು, ಮಹಾಯುದ್ಧದ ಕಾಗದದ ಬರದಿಂದ 1917ರಲ್ಲಿ ನಿಂತುವು. ಪೀಠಕ್ಕೆ ಬಂದವನು, ಅಷ್ಟಿಷ್ಟು ಜಗಳದ ನಂತರ, ಆತನ ಮಗ ಥಾಮಸ್. ಉತ್ತರಾಧಿಕಾರಿಯ ಪ್ರಶ್ನೆ ಮಠಗಳ ನಾಡಿನವರಾದ ನಮಗೆ ಹೊಸದಲ್ಲವಾದ್ದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬೇಕೆನಿಸುತ್ತದೆ. ಸ್ಪರ್ಜನ್ ಹುಟ್ಟಿದ್ದು 1834ರಲ್ಲಿ. ನಮ್ಮ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ. ಇಬ್ಬರೂ ಒಂದೇ ಸುವಾರ್ತೆಯನ್ನು ನಂಬಿದವರು. ಒಬ್ಬನ ಮುಂದೆ ಇಪ್ಪತ್ತು ಸಾವಿರ ಜನ ಕೂತಿದ್ದ ಕಾಲದಲ್ಲಿ ಇನ್ನೊಬ್ಬ ಕನ್ನಡನಾಡಿನ ಊರುಗಳಲ್ಲಿ ತಾಳೆಗರಿಗಳ ಮುಂದೆ ಕೂತಿದ್ದ. ಆತನ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಕನ್ನಡಿಗರು ಬಹುಕಾಲ ಹತ್ತಿರದಿಂದ ಕಂಡ ಪ್ರಾಟೆಸ್ಟೆಂಟ್ ಕ್ರೈಸ್ತಧರ್ಮ ಇದು: ಶಾಲೆ, ಅಚ್ಚುಕೂಟ, ಹಂಚಿನ ಕಾರ್ಖಾನೆ, ವ್ಯಾಕರಣ. ಆದ್ದರಿಂದಲೇ ಮಹಾಮಂದಿರದ ಧರ್ಮ ನಮ್ಮ ಕಣ್ಣಿಗೆ ವಿಚಿತ್ರವಾಗಿ ಕಾಣುವುದು.

ಸ್ಪರ್ಜನ್ನನಿಗೆ ಮುದ್ರಣ ಹೇಗೋ ಹಾಗೆ ಇಪ್ಪತ್ತನೆಯ ಶತಮಾನದವರಿಗೆ ರೇಡಿಯೋ. ಅದನ್ನು ಮೊದಲು ಚೆನ್ನಾಗಿ ಅರಿತವಳು ಒಬ್ಬ ಹೆಣ್ಣುಮಗಳು. ಏಮಿ ಸೆಂಪಲ್ ಮ್ಯಾಕ್‌ಫರ್ಸನ್ 1890ರಲ್ಲಿ ಕೆನಡಾದ ರೈತ ಮನೆತನದಲ್ಲಿ ಹುಟ್ಟಿದಳು. ತಾಯಿ ಸಾಲ್ವೇಷನ್ ಆರ್ಮಿಯ ಸೇವಕಿ. ಮದುವೆಯಾದ ಗಂಡನೊಡನೆ ಚೀನಕ್ಕೆಂದು ಹೊರಟವಳು 1910ರಲ್ಲಿ ಹಾಂಗ್‌ಕಾಂಗಿನಲ್ಲಿ, ಇಪ್ಪತ್ತು ತುಂಬುವ ಮೊದಲೇ, ವಿಧವೆಯಾದಳು. ಒಂದು ತಿಂಗಳಲ್ಲಿ ಅಲ್ಲಿಯೇ ಮಗಳು ಹುಟ್ಟಿದಳು. ಎರಡನೆಯ ಮದುವೆ ನಿಲ್ಲಲಿಲ್ಲ. ಮೋಟಾರಿನ ಮೈಮೇಲೆ ಧರ್ಮವಾಕ್ಯಗಳನ್ನು ಬರೆಸಿಕೊಂಡು, ಡೇರೆ ಹಾಕಿ ಪ್ರಸಂಗ ಮಾಡುತ್ತ ಊರೂರು ಅಲೆದು 1918ರ ಕೊನೆಗೆ ಲಾಸ್ ಏಂಜಲಿಸ್ ಸೇರಿದಳು. ಐದು ವರ್ಷ ತುಂಬುವುದರೊಳಗೆ, 1923ರ ಜನವರಿ 1ರಂದು, 5,300 ಆಸನಗಳ ಏಂಜಲಸ್ ಟೆಂಪಲ್ ತೆರೆಯಿತು.

ಆ ಊರಿನ ಜನಸಂಖ್ಯೆ 1920ರಲ್ಲಿ 5 ಲಕ್ಷ 76 ಸಾವಿರ. 1930ರಲ್ಲಿ 12 ಲಕ್ಷ 38 ಸಾವಿರ. ಹತ್ತು ವರ್ಷದಲ್ಲಿ ಎರಡರಷ್ಟಕ್ಕೂ ಮೀರಿ ಬೆಳೆದ ಊರೆಂದರೆ ಪಕ್ಕದ ಮನೆಯವನ ಹೆಸರು ಗೊತ್ತಿಲ್ಲದವರ ಊರು ಎಂದರ್ಥ. ಬಂದವರಲ್ಲಿ ಬಹುಮಂದಿ ಅಯೋವ ಮೊದಲಾದ ಒಳನಾಡಿನ ಬೇಸಾಯದ ಸೀಮೆಗಳವರು. ಹಳ್ಳಿಯ ಚರ್ಚು, ಬಂಧುಬಳಗ, ಸ್ಮಶಾನ ಎಲ್ಲವನ್ನೂ ಬಿಟ್ಟು ಬಂದವರು. ಇಂಥವರಿಗೆ ಏಮಿಯ ಮಂದಿರ ದಿನದ ಯಾವ ಹೊತ್ತಿಗೂ ತೆರೆದ ಬಾಗಿಲಾಗಿತ್ತು. ಅಲ್ಲಿ ವಾದ್ಯಮೇಳವಿತ್ತು, ಹಾಡಿತ್ತು, ಹಗಲಿರುಳೂ ಸರದಿಯ ಮೇಲೆ ಪ್ರಾರ್ಥಿಸುವವರಿದ್ದರು. ಭಾನುವಾರದ ರಾತ್ರಿ ಆಕೆಯ ಪ್ರಸಂಗವೆಂದರೆ ನಾಟಕ. ಒಮ್ಮೆ ಪೊಲೀಸರ ಉಡುಪು ತೊಟ್ಟು ಮೋಟಾರ್‌ಸೈಕಲ್ಲಿನೊಂದಿಗೆ ವೇದಿಕೆಗೆ ಬಂದು, ಪಾಪದ ಹಾದಿಯಲ್ಲಿ ಓಡುವವರನ್ನು ತಡೆದು ನಿಲ್ಲಿಸುವ ಆಟವಾಡಿದಳು. ಹತ್ತಿರದ ಹಾಲಿವುಡ್ಡಿನ ನಟರೂ ಬಂದು ನೋಡುತ್ತಿದ್ದರು. ಇದನ್ನು ಅಗ್ಗದ ರಂಜನೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಹರಿಕಥೆ, ಬಯಲಾಟಗಳಿಂದಲೇ ಪುರಾಣವನ್ನು ಕಲಿತ ನಾಡಿನಲ್ಲಿ ಹುಟ್ಟಿದ ನನಗೆ ಹಾಗೆ ತಳ್ಳಿಹಾಕಲು ನಾಲಗೆ ಬಾರದು.

1924ರಲ್ಲಿ ಮಂದಿರಕ್ಕೆ ಸ್ವಂತ ರೇಡಿಯೋ ನಿಲಯ ಬಂತು. ಆಕಾಶವಾಣಿಯ ಕೇಳುಗರಿಗೆ ಹೇಳಲೇಬೇಕಾದ ಒಂದು ಪ್ರಸಂಗವನ್ನು, ಮುಂದೆ ಅಧ್ಯಕ್ಷನಾದ ಹರ್ಬರ್ಟ್ ಹೂವರ್ ತನ್ನ ಸ್ಮೃತಿಗಳಲ್ಲಿ ಬರೆದಿಟ್ಟಿದ್ದಾನೆ. ಆಗ ಆತ ವಾಣಿಜ್ಯಮಂತ್ರಿ. ರೇಡಿಯೋ ಆತನ ಇಲಾಖೆಗೆ ಸೇರಿದ್ದು. ಏಮಿಯ ನಿಲಯ ತನಗೆ ಕೊಟ್ಟ ತರಂಗವನ್ನು ಬಿಟ್ಟು ಅಲ್ಲಿ ಇಲ್ಲಿ ಅಲೆಯುತ್ತಿತ್ತು. ಎಚ್ಚರಿಸಿದರೂ ಕೇಳದಿದ್ದಾಗ ಅಧಿಕಾರಿಗಳು ಬೀಗ ಹಾಕಿದರು. ನಿನ್ನ ಕಡೆಯ ಸೈತಾನನ ಬಂಟರನ್ನು ಹಿಂದಕ್ಕೆ ಕರೆಸಿಕೋ, ಸರ್ವಶಕ್ತನಿಗೆ ನಿನ್ನ ತರಂಗಗಳ ಹಂಗಿಲ್ಲ ಎಂಬರ್ಥದ ತಂತಿ ಬಂತಂತೆ. ನಗು ಬರುವ ಕಥೆ. ಆದರೆ ನಕ್ಕು ಮುಗಿದ ಮೇಲೆ ಉಳಿಯುವ ವಿಚಾರ ನಗೆಯದಲ್ಲ. ದೇವರ ಕೆಲಸ ಮಾಡುತ್ತಿದ್ದೇನೆಂದು ನಂಬಿದ ನಾಯಕನಿಗೆ ಎಲ್ಲರಿಗೂ ಅನ್ವಯಿಸುವ ನಿಯಮ ತನಗೆ ಅನ್ವಯಿಸದೆಂದು ತೋರತೊಡಗುವುದು ಹೀಗೆಯೇ. ತರಂಗಾಂತರದಲ್ಲಿ ಶುರುವಾದದ್ದು ಲೆಕ್ಕಪತ್ರಕ್ಕೂ ಬರುತ್ತದೆ.

1926ರ ಮೇ 18ರಂದು ಏಮಿ ಕಡಲಿನಲ್ಲಿ ಈಜಲು ಹೋದವಳು ಕಾಣೆಯಾದಳು. ಮುಳುಗಿದಳೆಂದೇ ಎಲ್ಲರ ಎಣಿಕೆ. ಸಾವಿರಾರು ಭಕ್ತರು ಮರಳಿನ ಮೇಲೆ ಕೂತು ಅತ್ತರು; ಹುಡುಕಾಟದಲ್ಲಿ ಇಬ್ಬರು ಪ್ರಾಣ ಕಳೆದುಕೊಂಡರು. ಐದು ವಾರಗಳ ಮೇಲೆ, ಜೂನ್ 23ರಂದು, ಮೆಕ್ಸಿಕೋದ ಗಡಿಯ ಊರೊಂದರಲ್ಲಿ ಪ್ರತ್ಯಕ್ಷಳಾಗಿ, ತನ್ನನ್ನು ಅಪಹರಿಸಿದ್ದರು, ತಪ್ಪಿಸಿಕೊಂಡು ಮರುಭೂಮಿಯಲ್ಲಿ ನಡೆದು ಬಂದೆ ಎಂದಳು. ಪತ್ರಿಕೆಗಳು ಆಕೆಯ ನಿಲಯದಲ್ಲಿ ಕೆಲಸ ಮಾಡಿದ್ದ ರೇಡಿಯೋ ಎಂಜಿನಿಯರನ ಹೆಸರನ್ನು ಜೋಡಿಸಿ ಬೇರೆ ಕಥೆ ಹೇಳಿದುವು. ಮೊಕದ್ದಮೆ ಹೂಡಲು ಹೊರಟ ಸರ್ಕಾರಿ ವಕೀಲ 1927ರ ಜನವರಿಯಲ್ಲಿ ಅದನ್ನು ಕೈಬಿಟ್ಟ. ಸತ್ಯವೇನೆಂಬುದು ಆ ನ್ಯಾಯಾಲಯದಲ್ಲಿ ತೀರ್ಮಾನವಾಗಲಿಲ್ಲ, ಮುಂದೆಯೂ ಆಗಲಿಲ್ಲ. ನನಗೆ ಕುತೂಹಲದ ಸಂಗತಿ ಬೇರೆ. ಆಕೆ ಹಿಂದಿರುಗಿದ ದಿನ ರೈಲು ನಿಲ್ದಾಣದಲ್ಲಿ ಹತ್ತಾರು ಸಾವಿರ ಜನ ಹೂ ಹಾಸಿ ಎದುರುಗೊಂಡರು. ಅವರು ಕಥೆಯನ್ನು ಪರಿಶೀಲಿಸಿ ಒಪ್ಪಿದವರಲ್ಲ. ಪರಿಶೀಲಿಸುವುದೇ ದ್ರೋಹವೆಂದು ಬಗೆದವರು.

ಆ ಜನರನ್ನು ಮೂಢರೆಂದು ಕರೆಯುವ ಮುನ್ನ ಅದೇ ಮಂದಿರದ ಇನ್ನೊಂದು ಬಾಗಿಲನ್ನೂ ನೋಡಬೇಕು. 1927ರಲ್ಲಿ ಆಕೆ ಅಲ್ಲಿ ಒಂದು ಉಗ್ರಾಣ ತೆರೆದಳು. ಅನ್ನ, ಬಟ್ಟೆ, ಕಂಬಳಿ. ಕೇಳಿದವರಿಗೆ ಕೇಳಿದ ಕೂಡಲೇ. ಎರಡು ವರ್ಷಕ್ಕೆ ಆರ್ಥಿಕ ಮುಗ್ಗಟ್ಟು ಬಂತು. ಸರ್ಕಾರದ ಪರಿಹಾರ ಕಚೇರಿಗಳು ನೀನೆಲ್ಲಿಯವನು, ಊರಿಗೆ ಬಂದು ಎಷ್ಟು ದಿನವಾಯಿತು ಎಂದು ವಿಚಾರಿಸುತ್ತಿದ್ದಾಗ ಆಕೆಯ ಉಗ್ರಾಣ ಜಾತಿ, ಬಣ್ಣ, ಮತ ಯಾವುದನ್ನೂ ಕೇಳಲಿಲ್ಲ. ಕಾಗದಪತ್ರಗಳಿಲ್ಲದ ಮೆಕ್ಸಿಕನ್ ಬಡವರಿಗೆ ಎಷ್ಟೋ ಕಡೆ ಮುಚ್ಚಿದ್ದ ಬಾಗಿಲು ಇಲ್ಲಿ ತೆರೆದಿತ್ತು. ಆ ಬಡವರ ಮಕ್ಕಳಲ್ಲಿ ಒಬ್ಬ, ಮುಂದೆ ಪ್ರಸಿದ್ಧ ಚಿತ್ರನಟನಾದ ಆಂಟನಿ ಕ್ವಿನ್, ಹುಡುಗನಾಗಿದ್ದಾಗ ಆಕೆಯ ವಾದ್ಯಮೇಳದಲ್ಲಿದ್ದವನು. ಆಕೆಯ ಋಣವನ್ನು ಕೊನೆಯವರೆಗೂ ಸ್ಮರಿಸುತ್ತಿದ್ದ. ಏಮಿ 1944ರಲ್ಲಿ ನಿದ್ದೆಯ ಮಾತ್ರೆಗಳು ಮಿತಿಮೀರಿ ತೀರಿಕೊಂಡಳು, ಆಕಸ್ಮಿಕವೆಂದು ತೀರ್ಪಾಯಿತು. ಆಗ ಆಕೆಗೆ ಐವತ್ತಮೂರು ವರ್ಷ. ಸಾವಿರಾರು ಜನರ ನಡುವೆ ಬಾಳಿದವಳಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆಕೆ ಕಟ್ಟಿದ ಫೋರ್‌ಸ್ಕ್ವೇರ್ ಚರ್ಚನ್ನು ಮಗ ರಾಲ್ಫ್ 1988ರವರೆಗೆ ನಡೆಸಿದ.

ದಕ್ಷಿಣ ಕೊರಿಯದ ಸೋಲ್ ನಗರದ ಕಥೆಯೂ ಇದೇ ಜಾಡಿನದು. ಯುದ್ಧದಿಂದ ಹಾಳಾದ ದೇಶ. 1960ರಲ್ಲಿ ಸುಮಾರು 24 ಲಕ್ಷವಿದ್ದ ನಗರ ಹತ್ತು ವರ್ಷದಲ್ಲಿ 55 ಲಕ್ಷವಾಯಿತು. ಬಡವರ ಕೇರಿಯಲ್ಲಿ 1958ರಲ್ಲಿ ಒಂದು ಡೇರೆಯಲ್ಲಿ ಡೇವಿಡ್ ಯೊಂಗ್ಗಿ ಚೋ ಆರಂಭಿಸಿದ ಸಭೆ, 1990ರ ದಶಕದ ಹೊತ್ತಿಗೆ ಏಳು ಲಕ್ಷ ಸದಸ್ಯರನ್ನು ಲೆಕ್ಕ ಹೇಳುವಷ್ಟು ಬೆಳೆಯಿತು. ಅದರ ಗುಟ್ಟು ದೊಡ್ಡ ಮಂದಿರದಲ್ಲಿರಲಿಲ್ಲ, ಮನೆಮನೆಯ ಸಣ್ಣ ಕೂಟಗಳಲ್ಲಿತ್ತು. ಅವನ್ನು ನಡೆಸಿದವರು ಹೆಚ್ಚಾಗಿ ಹೆಂಗಸರು. ಇದೊಂದು ಜಾಣತನದ ಏರ್ಪಾಡು ಮಾತ್ರವಲ್ಲ. ಮಾತಾಡಲು ಎಂದೂ ಅವಕಾಶ ಸಿಕ್ಕದಿದ್ದ ಹೆಂಗಸರಿಗೆ ಸಿಕ್ಕ ಮೊದಲ ಪೀಠ. ಆದರೆ 2014ರಲ್ಲಿ, ಮಗನ ಬಳಿಯಿದ್ದ ಷೇರುಗಳನ್ನು ಹೆಚ್ಚಿನ ಬೆಲೆಗೆ ಚರ್ಚಿನಿಂದ ಕೊಳ್ಳಿಸಿ 1,300 ಕೋಟಿ ವಾನ್‌ಗಳಷ್ಟು ನಷ್ಟವುಂಟುಮಾಡಿದನೆಂದು ನ್ಯಾಯಾಲಯ ಚೋನನ್ನು ಅಪರಾಧಿಯೆಂದು ಸಾರಿ, ಸೆರೆವಾಸವನ್ನು ಅಮಾನತಿನಲ್ಲಿಟ್ಟಿತು. ಆತ ತೀರಿಕೊಂಡದ್ದು 2021ರಲ್ಲಿ.

ಈ ನಾಯಕರೆಲ್ಲ ಮೊದಲಿನಿಂದಲೂ ವಂಚಕರಾಗಿದ್ದರೆ ಸಮಸ್ಯೆ ಎಷ್ಟೋ ಸರಳವಾಗುತ್ತಿತ್ತು. ಹಸಿದವರಿಗೆ ಉಣಿಸಿದ ಕೈ, ಲೆಕ್ಕ ತೋರಿಸಲು ಒಲ್ಲದ ಕೈ, ಎರಡೂ ಒಂದೇ ಆಗಿರುವುದೇ ಇಲ್ಲಿಯ ತೊಡಕು. ಮೂವತ್ತು ವರ್ಷ ತುಂಬಿದ ತರಗತಿಗಳ ಮುಂದೆ ನಿಂತು ಮಾತಾಡಿದ ನನಗೆ ಒಂದು ವಿಷಯ ಅಲ್ಪಸ್ವಲ್ಪ ಗೊತ್ತು: ನೂರು ಮುಖಗಳು ಒಟ್ಟಿಗೆ ಅರಳಿದಾಗ ಮಾತು ತಾನೇ ಲಗಾಮು ಕಿತ್ತುಕೊಂಡು ಓಡಲು ನೋಡುತ್ತದೆ. ತರಗತಿಯಲ್ಲಿ ಹಿಂದಿನ ಬೆಂಚಿನ ತಂಟೆಕೋರನಿರುತ್ತಾನೆ, ಪ್ರಶ್ನೆ ಕೇಳುತ್ತಾನೆ, ಗಂಟೆ ಹೊಡೆಯುತ್ತದೆ. ಐದು ಸಾವಿರ ಜನರ ಮಂದಿರದಲ್ಲಿ ಹಿಂದಿನ ಬೆಂಚು ಕಣ್ಣಿಗೇ ಕಾಣುವುದಿಲ್ಲ.

ಕೊನೆಯದಾಗಿ ಕ್ಯಾಲಿಫೋರ್ನಿಯದ ರಾಬರ್ಟ್ ಷುಲರ್. ಅಯೋವದ ರೈತನ ಮಗ. 1955ರಲ್ಲಿ 500 ಡಾಲರ್ ಕೈಯಲ್ಲಿ ಹಿಡಿದು ಲಾಸ್ ಏಂಜಲಿಸ್ಸಿನ ದಕ್ಷಿಣದ ಆರೆಂಜ್ ಸೀಮೆಗೆ ಬಂದ. ಬಾಡಿಗೆಗೆ ಸಭಾಂಗಣ ಸಿಕ್ಕಲಿಲ್ಲ. ಮೋಟಾರಿನಲ್ಲಿ ಕೂತೇ ಸಿನಿಮಾ ನೋಡುವ ಬಯಲು ಚಿತ್ರಮಂದಿರವೊಂದನ್ನು ಭಾನುವಾರ ಬೆಳಗ್ಗೆಗೆಂದು ಗೊತ್ತುಮಾಡಿಕೊಂಡು, ಅಲ್ಲಿಯ ತಿಂಡಿಯಂಗಡಿಯ ಮಾಳಿಗೆಯ ಮೇಲೆ ನಿಂತು ಪ್ರಸಂಗ ಮಾಡಿದ. ಜನ ಕಾರಿನಿಂದಿಳಿಯದೆ ಕೇಳಿದರು. ಅಂಗವಿಕಲರಿಗೆ, ಒಳ್ಳೆಯ ಬಟ್ಟೆಯಿಲ್ಲದವರಿಗೆ, ಅಳುವ ಮಗುವನ್ನು ಕಟ್ಟಿಕೊಂಡವರಿಗೆ ಅದರಿಂದಾದ ಅನುಕೂಲವನ್ನು ಊಹಿಸಬಹುದು. ಆದರೆ ಪಕ್ಕದವನ ಮುಖ ನೋಡದೆ, ಗಾಜು ಏರಿಸಿಕೊಂಡು ಕೂತು ಮಾಡುವ ಸಾಮೂಹಿಕ ಪ್ರಾರ್ಥನೆಗೆ ಸಮೂಹವೆಂಬ ಅರ್ಥ ಉಳಿಯುತ್ತದೆಯೇ?

ಷುಲರ್ ಪಾಪವನ್ನು ಕುರಿತು ಮಾತಾಡಲು ಇಷ್ಟಪಡುತ್ತಿರಲಿಲ್ಲ. ಆತನ ಬೋಧೆಯ ತಿರುಳು ಆತ್ಮಗೌರವ, ಆಗುತ್ತದೆ ಎಂಬ ನಂಬಿಕೆ. ಸ್ಪರ್ಜನ್ ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. 1970ರಲ್ಲಿ ಟೆಲಿವಿಷನ್ ಕಾರ್ಯಕ್ರಮ ಆರಂಭವಾಯಿತು. 1980ರಲ್ಲಿ ಶಿಲ್ಪಿ ಫಿಲಿಪ್ ಜಾನ್ಸನ್ ಕಟ್ಟಿಕೊಟ್ಟ ಕ್ರಿಸ್ಟಲ್ ಕೆಥೆಡ್ರಲ್ ಗಾರ್ಡನ್ ಗ್ರೋವ್ ಊರಿನಲ್ಲಿ ಎದ್ದು ನಿಂತಿತು. ಹತ್ತು ಸಾವಿರಕ್ಕೂ ಹೆಚ್ಚು ಗಾಜಿನ ಹಲಗೆಗಳು, ಕಾರಿನಲ್ಲಿ ಕೂತವರಿಗೂ ಕಾಣಲೆಂದು ತೆರೆದುಕೊಳ್ಳುವ ಎತ್ತರದ ಬಾಗಿಲುಗಳು. ಸ್ಪರ್ಜನ್ ಮಾತಾಡಿದ ಗಾಜಿನರಮನೆಯ ಹೆಸರೇ ಮತ್ತೆ ಇಲ್ಲಿ ಬಂದದ್ದು ಕಾಕತಾಳೀಯ.

ಷುಲರನನ್ನು ನೋಡಿ ಕಲಿತವರು ಅನೇಕರು. ಇಲಿನಾಯ್ ಸೀಮೆಯ ಬಿಲ್ ಹೈಬೆಲ್ಸ್, ಚರ್ಚಿಗೆ ನೀವೇಕೆ ಬರುವುದಿಲ್ಲವೆಂದು ಮನೆಮನೆ ತಿರುಗಿ ಕೇಳಿ, ಬಂದ ಉತ್ತರಕ್ಕೆ ತಕ್ಕಂತೆ 1975ರಲ್ಲಿ ಒಂದು ಸಿನಿಮಾ ಮಂದಿರದಲ್ಲಿ ವಿಲೋ ಕ್ರೀಕ್ ಚರ್ಚನ್ನು ಆರಂಭಿಸಿದ; ಅದು ದೇಶಕ್ಕೆಲ್ಲ ಮಾದರಿಯಾಯಿತು. 2018ರಲ್ಲಿ ಹಲವು ಹೆಂಗಸರು ಆತನ ನಡತೆಯ ಮೇಲೆ ಆಪಾದನೆ ತಂದಾಗ ಹಿರಿಯರ ಮಂಡಳಿ ಮೊದಲು ನಾಯಕನ ಬೆನ್ನಿಗೆ ನಿಂತಿತು. ಆತ ಆಪಾದನೆಗಳನ್ನು ಅಲ್ಲಗಳೆಯುತ್ತಲೇ ಏಪ್ರಿಲಿನಲ್ಲಿ ಪೀಠ ಬಿಟ್ಟ. ಆಗಸ್ಟಿನಲ್ಲಿ ಮಂಡಳಿ ಹೆಂಗಸರ ಕ್ಷಮೆ ಕೋರಿ, ಪೂರ್ತಿಯಾಗಿ ರಾಜೀನಾಮೆ ಕೊಟ್ಟಿತು. ಮರುವರ್ಷ, ಹೊರಗಿನವರ ಸಮಿತಿಯೊಂದು ಹೆಂಗಸರ ಮಾತು ನಂಬತಕ್ಕದ್ದೆಂದು ಹೇಳಿತು. ಹೊರಗಿನವರು ಹೇಳಬೇಕಾಯಿತು ಎಂಬುದನ್ನು ಅಡಿಗೆರೆ ಎಳೆದು ಓದಬೇಕು.

ಷುಲರನ ಮಂದಿರದಲ್ಲಿ ಇಂಥ ಹಗರಣವೇನೂ ನಡೆಯಲಿಲ್ಲ. ಅಲ್ಲಿ ಬಂದದ್ದು ಮುಪ್ಪು. 2006ರಲ್ಲಿ ಮಗನಿಗೆ ಪೀಠ ಕೊಟ್ಟ, ಎರಡೇ ವರ್ಷದಲ್ಲಿ ತಂದೆಮಕ್ಕಳಿಗೆ ಬೇರೆಯಾಗಿ ಮಗ ಹೊರಟುಹೋದ, ಮಗಳು ಬಂದಳು. ಮುದುಕನ ಮುಖ ನೋಡಲು ಬರುತ್ತಿದ್ದ ಜನ ಮಕ್ಕಳಿಗಾಗಿ ಬರಲಿಲ್ಲ, ದೂರದಿಂದ ಹಣ ಕಳಿಸುತ್ತಿದ್ದ ಪ್ರೇಕ್ಷಕರೂ ಕಡಮೆಯಾದರು. 2010ರ ಅಕ್ಟೋಬರಿನಲ್ಲಿ ಚರ್ಚು ದಿವಾಳಿಯ ಅರ್ಜಿ ಹಾಕಿತು. ಸಾಲಗಾರರ ಪಟ್ಟಿಯಲ್ಲಿ ಉತ್ಸವಗಳಿಗೆ ಸಾಮಾನು ಒದಗಿಸಿದ ಸಣ್ಣಪುಟ್ಟ ವ್ಯಾಪಾರಿಗಳೂ ಇದ್ದರು. 5 ಕೋಟಿ 75 ಲಕ್ಷ ಡಾಲರಿಗೆ ಕಟ್ಟಡವನ್ನು ಕೊಂಡುಕೊಂಡದ್ದು ಆರೆಂಜ್ ಸೀಮೆಯ ರೋಮನ್ ಕ್ಯಾಥೊಲಿಕ್ ಧರ್ಮಪ್ರಾಂತ. 2015ರಲ್ಲಿ ತೀರಿಕೊಂಡ ಷುಲರನಿಗೆ ಆ ಆವರಣದಲ್ಲಿಯೇ ಸಮಾಧಿಯಾಯಿತು. ಒಳಗನ್ನು ಹೊಸದಾಗಿ ಮಾಡಿಸಿ, ಕ್ರೈಸ್ಟ್ ಕೆಥೆಡ್ರಲ್ ಎಂದು ಹೆಸರಿಟ್ಟು, 2019ರ ಜುಲೈ 17ರಂದು ಪ್ರತಿಷ್ಠೆ ಮಾಡಿದರು. ಭಾನುವಾರ ಅಲ್ಲಿ ಈಗ ಇಂಗ್ಲಿಷಿನಲ್ಲಿಯೂ ಸ್ಪ್ಯಾನಿಷಿನಲ್ಲಿಯೂ ವಿಯೆಟ್ನಾಮಿಯಲ್ಲಿಯೂ ಪೂಜೆ ನಡೆಯುತ್ತದೆ. ಪೂಜೆ ನಡೆಸುವ ಪಾದ್ರಿಯನ್ನು ಬಿಷಪ್ ಆಗಾಗ ಬೇರೆಡೆಗೆ ವರ್ಗ ಮಾಡುವುದುಂಟು. ಬಂದವರಲ್ಲಿ ಎಷ್ಟೋ ಮಂದಿಗೆ ಆತನ ಹೆಸರು ಗೊತ್ತಿರುವುದಿಲ್ಲ.